ಎದೆಗೆ ಪೆಟ್ಟು ಬಿದ್ದಾಗ: ಹತ್ತಿರದ ಆಸ್ಪತ್ರೆಯಲ್ಲೇ ಆಗಬೇಕಾದ ಚಿಕಿತ್ಸೆ

ಅಡಿಕೆ ಮರದಿಂದ ಬಿದ್ದವರು, ಬೈಕ್ ಅಪಘಾತಕ್ಕೆ ಸಿಕ್ಕಿದವರು, ಮಗುಚಿದ ಟ್ರ್ಯಾಕ್ಟರ್‌ನ ಅಡಿಗೆ ಸಿಲುಕಿದವರು, ಎತ್ತು ಹಾಯ್ದು ಗಾಯಗೊಂಡವರು – ಎದೆಗೆ ಪೆಟ್ಟು ಮಾಡಿಕೊಂಡು ನಮ್ಮ ತಾಲೂಕು ಆಸ್ಪತ್ರೆಗಳಿಗೆ ಬರುವವರಲ್ಲಿ ಇಂಥವರು ಅನೇಕ. ಕರೆತಂದ ಮನೆಯವರ ಬಾಯಲ್ಲಿ ಮೊದಲು ಬರುವ ಮಾತೂ ಹೆಚ್ಚಾಗಿ ಒಂದೇ: "ಡಾಕ್ಟ್ರೇ, ಇಲ್ಲಿ ಆಗ್ತದಾ? ಇಲ್ಲದಿದ್ರೆ ಈಗಲೇ ದೊಡ್ಡ ಆಸ್ಪತ್ರೆಗೆ ಕೊಂಡೋಗ್ತೇವೆ."

ಈ ಮಾತಿನ ಹಿಂದಿರುವ ಆತಂಕ ಅರ್ಥವಾಗುವಂಥದ್ದು. ಎದೆ ಎಂದರೆ ಹೃದಯ ಮತ್ತು ಶ್ವಾಸಕೋಶ ಇರುವ ಜಾಗ. ಅದಕ್ಕೆ ಪೆಟ್ಟಾದರೆ ದೊಡ್ಡ ಆಪರೇಷನ್ನೇ ಬೇಕು, ದೊಡ್ಡ ಆಸ್ಪತ್ರೆಯೇ ಆಗಬೇಕು ಎಂದು ಎಲ್ಲರೂ ಭಾವಿಸುತ್ತಾರೆ. ಆದರೆ ವೈದ್ಯರ ಅನುಭವ ಬೇರೆ. ಒರಟು ಪೆಟ್ಟಿನಿಂದಾದ ಎದೆಯ ಗಾಯಗಳಲ್ಲಿ ಎದೆ ತೆರೆದು ಆಪರೇಷನ್ ಮಾಡಬೇಕಾಗಿ ಬರುವುದು ನೂರಕ್ಕೆ ಹತ್ತು ಮಂದಿಗೂ ಕಡಿಮೆ. ಚೂರಿ, ಗುಂಡು, ಕಬ್ಬಿಣದ ಸರಳು ಮುಂತಾದವು ಚುಚ್ಚಿದ ಗಾಯಗಳಲ್ಲೂ ನೂರಕ್ಕೆ 15ರಿಂದ 30 ಮಂದಿಗೆ ಮಾತ್ರ. ಉಳಿದವರಿಗೆ ಬೇಕಾಗುವುದು ಆಮ್ಲಜನಕ, ಎದೆಗೆ ಹಾಕುವ ಒಂದು ನಳಿಕೆ, ನೋವಿಗೆ ಸರಿಯಾದ ಔಷಧಿ, ಅಗತ್ಯವಿದ್ದರೆ ರಕ್ತ ಮತ್ತು ಎಚ್ಚರದ ಆರೈಕೆ. ಇವೆಲ್ಲವೂ ಒಂದು ಸಾಧಾರಣ ಆಸ್ಪತ್ರೆಯಲ್ಲಿ ಸಾಧ್ಯ. ಇಷ್ಟನ್ನು ಮಾಡದೆ ರೋಗಿಯನ್ನು ಎರಡು ಮೂರು ತಾಸು ದೂರ ಸಾಗಿಸಿದರೆ ದಾರಿಯಲ್ಲೇ ಪ್ರಾಣ ಹೋಗುವ ಸಂಭವವಿದೆ.

ಎದೆಯೊಳಗೆ ಏನಾಗುತ್ತದೆ?

ನಮ್ಮ ಎದೆಗೂಡು 12 ಜೊತೆ ಪಕ್ಕೆಲುಬುಗಳ ಒಂದು ಪಂಜರ. ಅದರೊಳಗೆ ಎರಡು ಶ್ವಾಸಕೋಶಗಳು ಗೋಡೆಗೆ ಅಂಟಿಕೊಂಡಂತೆ ಇರುತ್ತವೆ. ಶ್ವಾಸಕೋಶದ ಹೊರಗೂ ಎದೆಯ ಗೋಡೆಯ ಒಳಗೂ ತೆಳುವಾದ ಪೊರೆಗಳಿವೆ. ಆ ಎರಡು ಪೊರೆಗಳ ನಡುವೆ ಇರುವುದು ಸ್ವಲ್ಪ ದ್ರವ ಮಾತ್ರ. ನಾವು ಉಸಿರೆಳೆದಾಗ ಎದೆಗೂಡು ಹಿಗ್ಗುತ್ತದೆ, ಅದರ ಜೊತೆ ಶ್ವಾಸಕೋಶವೂ ಹಿಗ್ಗುತ್ತದೆ.

ಮುರಿದ ಪಕ್ಕೆಲುಬಿನ ಚೂಪು ತುದಿ ಶ್ವಾಸಕೋಶಕ್ಕೆ ಚುಚ್ಚಿದರೆ, ಅಲ್ಲಿಂದ ಸೋರಿದ ಗಾಳಿ ಈ ಪೊರೆಗಳ ನಡುವೆ ತುಂಬಿಕೊಳ್ಳುತ್ತದೆ. ರಕ್ತನಾಳ ಹರಿದರೆ ಅಲ್ಲೇ ರಕ್ತ ತುಂಬುತ್ತದೆ. ಎರಡರಲ್ಲಿ ಯಾವುದಾದರೂ ಶ್ವಾಸಕೋಶ ಕುಗ್ಗಿ ಮುದ್ದೆಯಾಗುತ್ತದೆ. ಎದೆಯ ಒಂದು ಬದಿಯಲ್ಲೇ ಎರಡರಿಂದ ಮೂರು ಲೀಟರ್ ರಕ್ತ ಹಿಡಿಯಬಲ್ಲದು. ವಯಸ್ಕರ ದೇಹದಲ್ಲಿ ಇರುವ ಒಟ್ಟು ರಕ್ತ ಸುಮಾರು ಐದು ಲೀಟರ್. ಹೊರಗೆ ಒಂದು ಹನಿಯೂ ಕಾಣದೆ ಅರ್ಧ ರಕ್ತ ಒಳಗೇ ಸೋರಿಹೋಗಬಹುದು ಎಂದರ್ಥ.

ಎಲ್ಲಕ್ಕಿಂತ ಅಪಾಯಕಾರಿ ಸ್ಥಿತಿ ಇನ್ನೊಂದಿದೆ. ಕೆಲವೊಮ್ಮೆ ಶ್ವಾಸಕೋಶದ ಗಾಯ ಒಂದೇ ಕಡೆಗೆ ತೆರೆಯುವ ಬಾಗಿಲಿನಂತೆ ವರ್ತಿಸುತ್ತದೆ. ಪ್ರತಿ ಉಸಿರಿಗೂ ಗಾಳಿ ಹೊರಬಂದು ಎದೆಯೊಳಗೆ ಸೇರುತ್ತದೆ, ಹಿಂದಕ್ಕೆ ಹೋಗುವುದಿಲ್ಲ. ಒತ್ತಡ ಏರುತ್ತಾ ಹೋಗಿ ಹೃದಯವನ್ನೇ ಪಕ್ಕಕ್ಕೆ ತಳ್ಳುತ್ತದೆ. ಹೃದಯಕ್ಕೆ ಮರಳಬೇಕಾದ ರಕ್ತದ ಹರಿವು ತಡೆಯುತ್ತದೆ. ಆಗ ಉಳಿಯುವುದು ಕೆಲವೇ ನಿಮಿಷಗಳು. ಇಂಥ ರೋಗಿಯನ್ನು ಆಂಬುಲೆನ್ಸ್ ಹತ್ತಿಸಿ ಕಳಿಸುವುದು ಎಂದರೆ ಸಾವಿನತ್ತ ಕಳಿಸಿದಂತೆಯೇ. ಅದೇ, ಎದೆಗೆ ಒಂದು ದಪ್ಪ ಸೂಜಿ ಚುಚ್ಚಿ ಆ ಗಾಳಿಗೆ ದಾರಿ ಮಾಡಿಕೊಟ್ಟರೆ ರೋಗಿ ಕಣ್ಣೆದುರೇ ಚೇತರಿಸಿಕೊಳ್ಳುತ್ತಾನೆ. ಬಳಿಕ ನಳಿಕೆ ಹಾಕಲು ಸಮಯ ಸಿಗುತ್ತದೆ.

ಯಂತ್ರಕ್ಕಿಂತ ಮೊದಲು ಕಣ್ಣು, ಕೈ, ಕಿವಿ

"ಸ್ಕ್ಯಾನ್ ಇಲ್ಲದ ಆಸ್ಪತ್ರೆಯಲ್ಲಿ ರೋಗ ಹೇಗೆ ಗೊತ್ತಾಗುತ್ತದೆ?" ಎಂದು ಹಲವರು ಕೇಳುತ್ತಾರೆ. ಎದೆಯ ಗಾಯದ ವಿಷಯದಲ್ಲಿ ಅತಿ ತುರ್ತಿನ ತೀರ್ಮಾನಗಳಿಗೆ ಸಿಟಿ ಸ್ಕ್ಯಾನ್ ಬೇಕಿಲ್ಲ. ಎದೆಯ ಎರಡೂ ಬದಿ ಸಮವಾಗಿ ಏರಿಳಿಯುತ್ತಿದೆಯೇ ಎಂದು ವೈದ್ಯರು ಮೊದಲು ನೋಡುತ್ತಾರೆ. ನಿಮಿಷಕ್ಕೆ ಎಷ್ಟು ಬಾರಿ ಉಸಿರಾಡುತ್ತಾನೆ ಎಂದು ಎಣಿಸುತ್ತಾರೆ. ವಿಶ್ರಾಂತಿಯಲ್ಲಿ ವಯಸ್ಕರ ಉಸಿರು ನಿಮಿಷಕ್ಕೆ 12ರಿಂದ 20. ಅದು 30 ದಾಟಿದರೆ ಅಪಾಯ. ಬೆರಳಿನಿಂದ ಎದೆ ತಟ್ಟಿ ನೋಡುತ್ತಾರೆ. ಗಾಳಿ ತುಂಬಿದ್ದರೆ ಖಾಲಿ ಡಬ್ಬ ತಟ್ಟಿದ ಶಬ್ದ, ರಕ್ತ ತುಂಬಿದ್ದರೆ ತುಂಬಿದ ಕೊಡ ತಟ್ಟಿದಂತೆ ಮಂದ ಶಬ್ದ. ಸ್ಟೆತಸ್ಕೋಪ್ ಇಟ್ಟಾಗ ಆ ಬದಿಯಲ್ಲಿ ಉಸಿರಿನ ಸದ್ದು ಕೇಳಿಸುವುದಿಲ್ಲ.

ಕೋವಿಡ್ ಕಾಲದಲ್ಲಿ ಮನೆಮಾತಾದ ಪಲ್ಸ್ ಆಕ್ಸಿಮೀಟರ್ ಇಲ್ಲಿಯೂ ಉಪಯುಕ್ತ. ಆಮ್ಲಜನಕದ ಪ್ರಮಾಣ 94ಕ್ಕಿಂತ ಕೆಳಗಿಳಿದರೆ ಎಚ್ಚರಿಕೆ ವಹಿಸಬೇಕು. ಗರ್ಭಿಣಿಯರನ್ನು ಪರೀಕ್ಷಿಸಲು ಇರುವ ಅಲ್ಟ್ರಾಸೌಂಡ್ ಯಂತ್ರದಿಂದಲೇ ಎದೆಯೊಳಗಿನ ರಕ್ತವನ್ನು, ಹೃದಯದ ಸುತ್ತ ತುಂಬಿದ ರಕ್ತವನ್ನು ಕೆಲವೇ ನಿಮಿಷಗಳಲ್ಲಿ ಗುರುತಿಸಬಹುದು. ಎಕ್ಸ್‌ರೇ ಬಹಳ ಸಹಾಯ ಮಾಡುತ್ತದೆ. ಆದರೆ ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಗಾಳಿಯೂ ರಕ್ತವೂ ಕಣ್ತಪ್ಪುವುದುಂಟು. ಒತ್ತಡದ ಗಾಳಿ ತುಂಬಿ ರೋಗಿ ಒದ್ದಾಡುತ್ತಿರುವಾಗ ಎಕ್ಸ್‌ರೇಗೆ ಕಾಯಬಾರದು ಎಂಬುದು ವೈದ್ಯಕೀಯದಲ್ಲಿ ಒಪ್ಪಿತ ನಿಯಮ. ಹಾಗಾಗಿ "ಎಕ್ಸ್‌ರೇ ಕೂಡ ತೆಗೆಯದೆ ಚುಚ್ಚಿದರು" ಎಂದು ವೈದ್ಯರ ಜೊತೆ ಜಗಳಕ್ಕೆ ನಿಲ್ಲಬೇಡಿ. ಅದು ಅವಸರದ ಕೆಲಸವಲ್ಲ, ಸರಿಯಾದ ಕೆಲಸ.

ಒಂದು ನಳಿಕೆ, ಒಂದು ಬಾಟಲಿ

ಎದೆಯ ಗಾಯದ ಚಿಕಿತ್ಸೆಯ ಬೆನ್ನೆಲುಬು ಎಂದರೆ ಎದೆಗೆ ಹಾಕುವ ನಳಿಕೆ. ಆಸ್ಪತ್ರೆಯಲ್ಲಿ ಇದನ್ನು 'ಐಸಿಡಿ' ಅಥವಾ 'ಚೆಸ್ಟ್ ಟ್ಯೂಬ್' ಎನ್ನುತ್ತಾರೆ. ಕಂಕುಳಿಗಿಂತ ಕೆಳಗೆ, ಸುಮಾರು ಮೊಲೆತೊಟ್ಟಿನ ಮಟ್ಟದಲ್ಲಿ ಚರ್ಮಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಎರಡು ಪಕ್ಕೆಲುಬುಗಳ ನಡುವೆ ಸಣ್ಣ ದಾರಿ ಮಾಡಿ, ನಳಿಕೆಯನ್ನು ಒಳಗೆ ಬಿಡುತ್ತಾರೆ. ಅದರ ಇನ್ನೊಂದು ತುದಿಯನ್ನು ಶುದ್ಧ ನೀರಿರುವ ಬಾಟಲಿಯಲ್ಲಿ ನೀರಿನ ಮಟ್ಟಕ್ಕಿಂತ ಸುಮಾರು ಎರಡು ಸೆಂಟಿಮೀಟರ್ ಕೆಳಗೆ ಮುಳುಗಿಸಿಡುತ್ತಾರೆ.

ಇದು ಕೆಲಸ ಮಾಡುವ ಬಗೆ ಸರಳ. ಲೋಟದ ನೀರಿನಲ್ಲಿ ಸ್ಟ್ರಾ ಮುಳುಗಿಸಿ ಊದಿದರೆ ಗುಳ್ಳೆಗಳು ಹೊರಬರುತ್ತವೆ. ಎಳೆದರೆ ನೀರು ಮೇಲೇರುತ್ತದೆ, ಗಾಳಿ ಬರುವುದಿಲ್ಲ. ಬಾಟಲಿಯಲ್ಲಿ ನಡೆಯುವುದೂ ಇದೇ. ಎದೆಯೊಳಗಿನ ಗಾಳಿ ಗುಳ್ಳೆಯಾಗಿ ಹೊರಹೋಗುತ್ತದೆ, ಹೊರಗಿನ ಗಾಳಿಗೆ ಒಳಬರಲು ನೀರು ಅಡ್ಡಿಯಾಗುತ್ತದೆ. ರಕ್ತವಿದ್ದರೆ ಅದೂ ಹರಿದು ಬಾಟಲಿಗೆ ಬರುತ್ತದೆ. ಶ್ವಾಸಕೋಶ ನಿಧಾನವಾಗಿ ಹಿಗ್ಗಿ ಗೋಡೆಗೆ ಅಂಟಿಕೊಳ್ಳುತ್ತದೆ. ಅನೇಕರಲ್ಲಿ ಹೀಗೆ ಅಂಟಿಕೊಂಡಾಗಲೇ ಶ್ವಾಸಕೋಶದ ರಕ್ತಸ್ರಾವವೂ ತಾನಾಗಿ ನಿಲ್ಲುತ್ತದೆ.

ಈ ವಿಧಾನ ಹೊಸತೇನಲ್ಲ. ಜರ್ಮನಿಯ ಹ್ಯಾಂಬರ್ಗ್ ನಗರದ ವೈದ್ಯ ಗೊಟ್‌ಹಾರ್ಡ್ ಬ್ಯೂಲೌ ಎದೆಯಲ್ಲಿ ಕೀವು ತುಂಬಿದ ರೋಗಿಗಳಿಗೆ ಇದನ್ನು ಬಳಸಿ, 1891ರಲ್ಲಿ ಅದರ ಬಗ್ಗೆ ಬರೆದರು. ಇಂದಿಗೂ ಅದರ ತತ್ವ ಬದಲಾಗಿಲ್ಲ. ಇದಕ್ಕೆ ವಿದ್ಯುತ್ ಬೇಡ, ಬೆಲೆಬಾಳುವ ಯಂತ್ರ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಜಿಲ್ಲಾ ಮಟ್ಟದ ಆಸ್ಪತ್ರೆಗಳಿಗಾಗಿ ಪ್ರಕಟಿಸಿದ ಶಸ್ತ್ರಚಿಕಿತ್ಸಾ ಕೈಪಿಡಿಯಲ್ಲಿ ಈ ನಳಿಕೆ ಹಾಕುವ ಕ್ರಮವನ್ನು ವಿವರಿಸಲಾಗಿದೆ. ತರಬೇತಿ ಪಡೆದ ಎಂಬಿಬಿಎಸ್ ವೈದ್ಯರೂ ಇದನ್ನು ಮಾಡಬಹುದು.

ಬಾಟಲಿಯ ಕಾವಲು ಮನೆಯವರದ್ದೂ ಹೌದು

ನರ್ಸ್‌ಗಳ ಸಂಖ್ಯೆ ಕಡಿಮೆಯಿರುವ ವಾರ್ಡ್‌ನಲ್ಲಿ ರೋಗಿಯ ಬಳಿ ಹಗಲೂ ರಾತ್ರಿ ಇರುವವರು ಮನೆಯವರೇ. ಆದ್ದರಿಂದ ಈ ಕೆಲವು ವಿಷಯಗಳು ಅವರಿಗೆ ಗೊತ್ತಿರಬೇಕು.

• ಬಾಟಲಿ ಯಾವಾಗಲೂ ರೋಗಿಯ ಎದೆಗಿಂತ ಕೆಳಗಿರಬೇಕು. ಮಂಚದ ಮೇಲೆ ಇಡಬಾರದು, ಸ್ಟ್ರೆಚರ್‌ನಲ್ಲಿ ಸಾಗಿಸುವಾಗ ರೋಗಿಯ ಹೊಟ್ಟೆಯ ಮೇಲೆ ಇಡಬಾರದು. ಮೇಲೆತ್ತಿದರೆ ಬಾಟಲಿಯ ನೀರು ಎದೆಯೊಳಗೆ ಹರಿಯುತ್ತದೆ.

• ಉಸಿರಾಡುವಾಗ ನಳಿಕೆಯೊಳಗಿನ ನೀರು ಮೇಲೆ ಕೆಳಗೆ ಆಡುತ್ತಿದ್ದರೆ ನಳಿಕೆ ಕೆಲಸ ಮಾಡುತ್ತಿದೆ ಎಂದರ್ಥ. ಆಟ ನಿಂತರೆ ಶ್ವಾಸಕೋಶ ಪೂರ್ತಿ ಹಿಗ್ಗಿರಬಹುದು, ಇಲ್ಲವೇ ನಳಿಕೆ ಮಡಚಿಕೊಂಡಿರಬಹುದು ಅಥವಾ ರಕ್ತದ ಗಟ್ಟಿಯಿಂದ ಕಟ್ಟಿಕೊಂಡಿರಬಹುದು. ನರ್ಸ್‌ಗೆ ತಿಳಿಸಿ.

• ಗುಳ್ಳೆ ಬರುತ್ತಿರುವಾಗ ನಳಿಕೆಯನ್ನು ಕಟ್ಟಬಾರದು, ಕ್ಲಿಪ್ ಹಾಕಬಾರದು. ಸಾಗಿಸುವಾಗ "ಸೋರದಿರಲಿ" ಎಂದು ಮುಚ್ಚಿದರೆ ಗಾಳಿ ಒಳಗೇ ತುಂಬಿ ಮತ್ತೆ ಅಪಾಯದ ಸ್ಥಿತಿ ಬರುತ್ತದೆ.

• ಬಾಟಲಿ ಒಡೆದರೆ ನಳಿಕೆಯ ತುದಿಯನ್ನು ತಕ್ಷಣ ಶುದ್ಧ ನೀರಿರುವ ಬೇರೊಂದು ಪಾತ್ರೆಯಲ್ಲಿ ಮುಳುಗಿಸಿ ನರ್ಸ್‌ನ್ನು ಕರೆಯಿರಿ. ನಳಿಕೆಯೇ ಎದೆಯಿಂದ ಕಳಚಿಬಂದರೆ ಆ ಜಾಗವನ್ನು ಶುಚಿಯಾದ ಬಟ್ಟೆಯಿಂದ ಒತ್ತಿ ಹಿಡಿದು ಕೂಗಿ ಕರೆಯಿರಿ.

• ನಳಿಕೆ ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ನಳಿಕೆಯ ಮೂಲಕ ಸೋಂಕು ಒಳಹೋದರೆ ಎದೆಯಲ್ಲಿ ಕೀವು ತುಂಬಿ, ಕೆಲವು ದಿನಗಳ ಕಾಯಿಲೆ ತಿಂಗಳುಗಟ್ಟಲೆ ಎಳೆಯುತ್ತದೆ. ನೋಡಲು ಬರುವವರ ಗುಂಪನ್ನೂ ಕಡಿಮೆ ಮಾಡಿ.

ಗುಳ್ಳೆ ನಿಂತು, ಶ್ವಾಸಕೋಶ ಹಿಗ್ಗಿರುವುದು ಎಕ್ಸ್‌ರೇಯಲ್ಲಿ ಕಂಡು, ದಿನದ ಸೋರಿಕೆ ಬಹಳ ಕಡಿಮೆಯಾದಾಗ ನಳಿಕೆ ತೆಗೆಯುತ್ತಾರೆ. ಅಲ್ಲಿಯವರೆಗೆ ರೋಗಿ ಮಲಗಿಯೇ ಇರಬೇಕಿಲ್ಲ. ವೈದ್ಯರು ಒಪ್ಪಿದರೆ ಬಾಟಲಿಯನ್ನು ಸೊಂಟಕ್ಕಿಂತ ಕೆಳಗೆ ಹಿಡಿದುಕೊಂಡು ಓಡಾಡಬಹುದು, ಓಡಾಡುವುದೇ ಒಳ್ಳೆಯದು.

ಮುರಿದ ಪಕ್ಕೆಲುಬು: ನೋವನ್ನು ಸಹಿಸುವುದು ತಪ್ಪು

ಪಕ್ಕೆಲುಬು ಮುರಿದರೆ ಪ್ಲಾಸ್ಟರ್ ಹಾಕುವುದಿಲ್ಲ. ಸಾಮಾನ್ಯವಾಗಿ ಆರು ವಾರಗಳಲ್ಲಿ ಅದು ತಾನಾಗಿ ಕೂಡಿಕೊಳ್ಳುತ್ತದೆ. ಹಾಗಾದರೆ ಅಪಾಯ ಎಲ್ಲಿದೆ? ನೋವಿನಲ್ಲಿದೆ. ನೋವಿಗೆ ಹೆದರಿ ರೋಗಿ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ. ಕಫ ಒಳಗೇ ಕಟ್ಟಿ ಎರಡು ಮೂರು ದಿನಗಳಲ್ಲಿ ನ್ಯುಮೋನಿಯಾ ಶುರುವಾಗುತ್ತದೆ. ವಯಸ್ಸಾದವರಲ್ಲಿ ಈ ಅಪಾಯ ಹೆಚ್ಚು. ಅಮೆರಿಕದ ಸಿಯಾಟಲ್ ನಗರದ ವೈದ್ಯರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೃದ್ಧರಲ್ಲಿ ಮುರಿದ ಒಂದೊಂದು ಹೆಚ್ಚುವರಿ ಪಕ್ಕೆಲುಬಿಗೂ ಸಾವಿನ ಸಂಭವ ಶೇ. 19ರಷ್ಟು, ನ್ಯುಮೋನಿಯಾದ ಸಂಭವ ಶೇ. 27ರಷ್ಟು ಏರುವುದು ಕಂಡುಬಂತು. ಬಚ್ಚಲಲ್ಲಿ ಜಾರಿಬಿದ್ದ ಅಜ್ಜಿಯ "ಸ್ವಲ್ಪ ಪಕ್ಕೆನೋವ"ನ್ನು ಹಗುರವಾಗಿ ಕಾಣಬಾರದು ಎನ್ನುವುದು ಇದಕ್ಕಾಗಿ.

ಹಿಂದೆ ಎದೆಗೆ ಬಿಗಿಯಾಗಿ ಪಟ್ಟಿ ಸುತ್ತುತ್ತಿದ್ದರು. ಈಗ ಅದನ್ನು ಬಿಡಲಾಗಿದೆ, ಏಕೆಂದರೆ ಅದು ಉಸಿರನ್ನು ಇನ್ನಷ್ಟು ಕಟ್ಟಿಹಾಕುತ್ತದೆ. ಎಣ್ಣೆ ಹಚ್ಚಿ ತಿಕ್ಕುವುದೂ ಬೇಡ. ನೋವಿನ ಔಷಧಿಯನ್ನು "ನೋವು ಜೋರಾದಾಗ ಮಾತ್ರ" ಎನ್ನದೆ ವೈದ್ಯರು ಹೇಳಿದ ಹೊತ್ತಿಗೆ ಸರಿಯಾಗಿ ಕೊಡಬೇಕು. ಮಾತ್ರೆ ಸಾಲದಿದ್ದರೆ ಮುರಿದ ಪಕ್ಕೆಲುಬಿನ ನರದ ಬಳಿ ಮರಗಟ್ಟಿಸುವ ಇಂಜೆಕ್ಷನ್ ಕೊಡಬಹುದು. ಇದು ಕಡಿಮೆ ಖರ್ಚಿನದು, ಹಲವು ತಾಸು ನೆಮ್ಮದಿ ಕೊಡುತ್ತದೆ.

ಉಳಿದದ್ದು ಉಸಿರಾಟದ ವ್ಯಾಯಾಮ. ರೋಗಿಯನ್ನು ಎಬ್ಬಿಸಿ ಕೂರಿಸಿ, ಎಚ್ಚರವಿರುವಾಗ ತಾಸಿಗೊಮ್ಮೆ ಹತ್ತು ಬಾರಿ ಆಳವಾಗಿ ಉಸಿರೆಳೆಸಿ. ದಿಂಬನ್ನು ಎದೆಗೆ ಅಪ್ಪಿ ಹಿಡಿದು ಕೆಮ್ಮಲು ಹೇಳಿ, ನೋವು ಕಡಿಮೆಯಾಗುತ್ತದೆ. ಕೋವಿಡ್ ಸಮಯದಲ್ಲಿ ತಂದ ಮೂರು ಚೆಂಡಿನ ಉಸಿರಾಟದ ಸಾಧನ ಮನೆಯಲ್ಲಿದ್ದರೆ ವೈದ್ಯರನ್ನು ಕೇಳಿ ಬಳಸಿ, ಆದರೆ ಒಬ್ಬರದ್ದನ್ನು ಇನ್ನೊಬ್ಬರು ತೊಳೆಯದೆ ಬಾಯಿಗೆ ಇಡಬಾರದು. ಬೀಡಿ, ಸಿಗರೇಟು ಪೂರ್ತಿ ಬಂದ್.

ಇನ್ನೆರಡು ಎಚ್ಚರಿಕೆ. ಕೆಳಗಿನ ಪಕ್ಕೆಲುಬುಗಳು ಮುರಿದಿದ್ದರೆ ಎಡಗಡೆ ಗುಲ್ಮಕ್ಕೆ, ಬಲಗಡೆ ಪಿತ್ತಜನಕಾಂಗಕ್ಕೆ ಗಾಯವಾಗಿರಬಹುದು, ಹೊಟ್ಟೆಯನ್ನೂ ಪರೀಕ್ಷಿಸಬೇಕು. ಮಕ್ಕಳ ಪಕ್ಕೆಲುಬು ಮೆತ್ತಗಿದ್ದು ಬಾಗುತ್ತದೆ. ಎಲುಬು ಮುರಿಯದೆಯೇ ಶ್ವಾಸಕೋಶಕ್ಕೆ ಪೆಟ್ಟಾಗಿರಬಹುದು. "ಎಕ್ಸ್‌ರೇಯಲ್ಲಿ ಎಲುಬು ಮುರಿದಿಲ್ಲ" ಎಂದು ಮಗುವನ್ನು ಕೂಡಲೇ ಮನೆಗೆ ಕರೆದೊಯ್ಯಬೇಡಿ.

ರಕ್ತಸ್ರಾವಕ್ಕೆ ಒಂದು ಅಗ್ಗದ ಔಷಧಿ

ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಔಷಧಿ ಕಟ್ಟಿದ ರಕ್ತ ಮತ್ತೆ ಕರಗದಂತೆ ತಡೆಯುತ್ತದೆ. ಭಾರತವೂ ಸೇರಿ 40 ದೇಶಗಳ 20 ಸಾವಿರಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ, ಇದು ಸಾವನ್ನು ಕಡಿಮೆ ಮಾಡುತ್ತದೆ ಎಂದು ತೋರಿಸಿತು. ಆದರೆ ಗಾಯವಾದ ಮೂರು ತಾಸುಗಳೊಳಗೆ ಕೊಡಬೇಕು, ಮೊದಲ ತಾಸಿನಲ್ಲಿ ಕೊಟ್ಟರೆ ಇನ್ನೂ ಉತ್ತಮ. ತಡವಾದರೆ ಹಾನಿಯೂ ಆಗಬಹುದು. ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ನಿಲ್ಲಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ದೊಡ್ಡ ಆಸ್ಪತ್ರೆಗೆ ಯಾವಾಗ?

ಕೆಲವರಿಗೆ ಖಂಡಿತ ದೊಡ್ಡ ಆಸ್ಪತ್ರೆ ಬೇಕು. ನಳಿಕೆ ಹಾಕಿದ ಕೂಡಲೇ ಒಂದೂವರೆ ಲೀಟರ್ ರಕ್ತ ಬಂದರೆ, ಅಥವಾ ಎರಡರಿಂದ ನಾಲ್ಕು ತಾಸು ಬಿಡದೆ ತಾಸಿಗೆ 200 ಮಿಲಿ ಲೀಟರ್‌ನಂತೆ ರಕ್ತ ಬರುತ್ತಿದ್ದರೆ ಸಾಮಾನ್ಯವಾಗಿ ಆಪರೇಷನ್ ಬೇಕಾಗುತ್ತದೆ. ಬಾಟಲಿಯ ಅಳತೆಯನ್ನು ಬರೆದಿಡುವುದು ಇದಕ್ಕಾಗಿ. ಹೃದಯದ ಸುತ್ತ ರಕ್ತ ತುಂಬಿದವರು, ಗಾಳಿ ರಭಸದಿಂದ ಸೋರುತ್ತಲೇ ಇರುವವರು, ಹಲವು ಪಕ್ಕೆಲುಬುಗಳು ಎರಡೆರಡು ಕಡೆ ಮುರಿದು ಎದೆಯ ಒಂದು ಭಾಗ ಉಸಿರಿಗೆ ವಿರುದ್ಧವಾಗಿ ಆಡುತ್ತಿರುವವರು, ವೆಂಟಿಲೇಟರ್ ಬೇಕಾದವರು – ಇವರನ್ನು ತಡಮಾಡದೆ ಕಳಿಸಬೇಕು.

ಹೊರಡುವ ಮುನ್ನ ಮನೆಯವರು ಕೇಳಬೇಕಾದ ಪ್ರಶ್ನೆಗಳು ನಾಲ್ಕು. ನಳಿಕೆ ಬೇಕಿದ್ದರೆ ಹಾಕಿ ಆಗಿದೆಯೇ? ಆಂಬುಲೆನ್ಸ್‌ನಲ್ಲಿ ದಾರಿಗೆ ಸಾಕಾಗುವಷ್ಟು ಆಮ್ಲಜನಕ ಇದೆಯೇ? ಜೊತೆಗೆ ತರಬೇತಿ ಇರುವವರು ಬರುತ್ತಾರೆಯೇ? ಹೋಗುವ ಆಸ್ಪತ್ರೆಗೆ ಫೋನ್ ಮಾಡಿ ಹಾಸಿಗೆ ಮತ್ತು ರಕ್ತ ಇರುವುದನ್ನು ಖಚಿತಪಡಿಸಿದ್ದಾರೆಯೇ? ಇದಕ್ಕೆ ತಗಲುವ ಅರ್ಧ ತಾಸು ವ್ಯರ್ಥವಲ್ಲ.

ಅಪಘಾತದ ಸ್ಥಳದಲ್ಲಿ

108ಕ್ಕೆ ಕರೆ ಮಾಡಿ. ಎಚ್ಚರವಿದ್ದು ಉಸಿರಿಗೆ ಕಷ್ಟಪಡುತ್ತಿರುವವರನ್ನು ಬಲವಂತವಾಗಿ ಅಂಗಾತ ಮಲಗಿಸಬೇಡಿ, ಅವರಿಗೆ ಅನುಕೂಲವಾದ ಭಂಗಿಯಲ್ಲಿ ಒರಗಿಸಿ ಕೂರಿಸಿ. ಮರದಿಂದ ಬಿದ್ದವರ ಬೆನ್ನೆಲುಬಿಗೂ ಪೆಟ್ಟಾಗಿರಬಹುದು, ಅವರನ್ನು ಮಡಚಿ ಆಟೋದೊಳಗೆ ತುರುಕಬೇಡಿ. ಎದೆಗೆ ಚುಚ್ಚಿಕೊಂಡಿರುವ ವಸ್ತುವನ್ನು ಕೀಳಬೇಡಿ, ಅಲುಗದಂತೆ ಹಿಡಿದುಕೊಳ್ಳಿ. ಗಾಯದಿಂದ ಗಾಳಿ ಎಳೆಯುವ ಸದ್ದು ಬರುತ್ತಿದ್ದರೆ ಪ್ಲಾಸ್ಟಿಕ್ ಹಾಕಿ ನಾಲ್ಕೂ ಕಡೆ ಬಿಗಿಯಾಗಿ ಮುಚ್ಚಬೇಡಿ. ಒಳಗಿನ ಗಾಳಿಗೆ ಹೊರಬರುವ ದಾರಿ ಉಳಿಯಬೇಕು. ಕುಡಿಯಲು, ತಿನ್ನಲು ಏನೂ ಕೊಡಬೇಡಿ. ಪೊಲೀಸ್, ಕೋರ್ಟು ಎಂದು ಹೆದರಿ ದೂರ ಸರಿಯಬೇಡಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯು ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಟ್ಟಿದೆ.

ಸಾಮಾನ್ಯ ಜನರ ನೆರವಿನಿಂದ ಎಷ್ಟು ಜೀವ ಉಳಿಯಬಹುದು ಎಂಬುದಕ್ಕೆ ಉತ್ತರ ಇರಾಕ್ ಮತ್ತು ಕಾಂಬೋಡಿಯಾದ ಹಳ್ಳಿಗಳೇ ಸಾಕ್ಷಿ. ನೆಲಬಾಂಬುಗಳಿಂದ ತುಂಬಿದ್ದ ಆ ಪ್ರದೇಶಗಳಲ್ಲಿ ಆಸ್ಪತ್ರೆ ತಲುಪಲು ಹಲವು ತಾಸು ಬೇಕಿತ್ತು. ನಾರ್ವೆಯ ವೈದ್ಯರು ಅಲ್ಲಿನ ಆರೋಗ್ಯ ಕಾರ್ಯಕರ್ತರಿಗೂ ಹಳ್ಳಿಗರಿಗೂ ಉಸಿರಿನ ದಾರಿ ತೆರೆದಿಡುವುದು, ರಕ್ತ ನಿಲ್ಲಿಸುವುದು ಮುಂತಾದ ಮೂಲಭೂತ ಕೆಲಸಗಳನ್ನು ಕಲಿಸಿದರು. ಐದು ವರ್ಷಗಳ ಕೆಲಸದ ಫಲವನ್ನು 2003ರಲ್ಲಿ ಪ್ರಕಟಿಸಿದಾಗ, ಗಾಯಾಳುಗಳ ಸಾವಿನ ಪ್ರಮಾಣ ಶೇ. 40ರಿಂದ ಸುಮಾರು ಶೇ. 15ಕ್ಕೆ ಇಳಿದಿತ್ತು.

ಮನೆಗೆ ಬಂದ ಮೇಲೆ

ಮೊದಲ ಎಕ್ಸ್‌ರೇ ಸರಿಯಿದ್ದರೂ ತಾಸುಗಳ ನಂತರ, ಕೆಲವೊಮ್ಮೆ ದಿನಗಳ ನಂತರ ಗಾಳಿ ಅಥವಾ ರಕ್ತ ತುಂಬುವುದುಂಟು. ಉಸಿರುಗಟ್ಟುವುದು, ಜ್ವರ, ಕಫದಲ್ಲಿ ರಕ್ತ, ನೋವು ಹೆಚ್ಚುವುದು, ತಲೆಸುತ್ತು – ಯಾವುದು ಕಂಡರೂ ರಾತ್ರಿಯೇ ಆಗಿರಲಿ, ಆಸ್ಪತ್ರೆಗೆ ಹಿಂತಿರುಗಿ. ಗಲ್ಫ್‌ನಲ್ಲಿ ಕೆಲಸವಿರುವವರು ರಜೆ ಮುಗಿಯಿತೆಂದು ಕೂಡಲೇ ವಿಮಾನ ಹತ್ತಬಾರದು. ಎತ್ತರದಲ್ಲಿ ಎದೆಯೊಳಗೆ ಉಳಿದ ಗಾಳಿ ಹಿಗ್ಗುತ್ತದೆ. ಎಕ್ಸ್‌ರೇಯಲ್ಲಿ ಪೂರ್ತಿ ಗುಣವಾಗಿರುವುದು ಖಚಿತವಾದ ಮೇಲೂ ಸಾಮಾನ್ಯವಾಗಿ ಎರಡು ವಾರ ಕಾಯಬೇಕು, ವೈದ್ಯರ ಒಪ್ಪಿಗೆ ಪಡೆಯಬೇಕು.

ಕೊನೆಯದಾಗಿ, ಊರಿನ ಹಿರಿಯರು ಮತ್ತು ಯುವಕ ಸಂಘಗಳು ಮಾಡಬಹುದಾದ ಕೆಲಸವೊಂದಿದೆ. ನಿಮ್ಮ ತಾಲೂಕು ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಯನ್ನು ಭೇಟಿಯಾಗಿ ವಿಚಾರಿಸಿ: ಎದೆಗೆ ಹಾಕುವ ನಳಿಕೆ ಮತ್ತು ಬಾಟಲಿ ತುರ್ತು ವಿಭಾಗದಲ್ಲಿ ಸದಾ ಸಿದ್ಧವಿದೆಯೇ? ಆಮ್ಲಜನಕ, ಟ್ರಾನೆಕ್ಸಾಮಿಕ್ ಆಸಿಡ್, ರಕ್ತ ಸಂಗ್ರಹ ಕೇಂದ್ರ ಇದೆಯೇ? ರಾತ್ರಿ ಪಾಳಿಯ ವೈದ್ಯರಿಗೆ ನಳಿಕೆ ಹಾಕುವ ತರಬೇತಿ ಆಗಿದೆಯೇ? ಏನಾದರೂ ಕೊರತೆಯಿದ್ದರೆ ಆರೋಗ್ಯ ಇಲಾಖೆಗೆ ಮನವಿ ಕೊಡಿ, ರಕ್ತದಾನಿಗಳ ಪಟ್ಟಿ ಮಾಡಿಕೊಡಿ. ಅಪಘಾತ ಹೇಳಿ ಬರುವುದಿಲ್ಲ, ಸಿದ್ಧತೆಯನ್ನು ಮಾತ್ರ ಮೊದಲೇ ಮಾಡಿಕೊಳ್ಳಬಹುದು.